ಧರ್ಮದ ಚೀಲ

ಪರಿಮಳಾ ನಡೆಸುತ್ತಿದ್ದ ಹಾಸ್ಟೆಲ್ಲಿಗೆ ಎಂಬತ್ತು-ಜಿ ಇರಲಿಲ್ಲ.

ಉಳಿದದ್ದೆಲ್ಲ ಹೆಚ್ಚುಕಡಿಮೆ ಇತ್ತು. ನಾಲ್ಕು ಗೋಡೆ, ತಗಡಿನ ಮಾಡು, ಮಲಗಲು ಜಮಖಾನೆ, ಎರಡು ಪಾಯಖಾನೆ. ಅವುಗಳಲ್ಲಿ ಒಂದರ ಬಾಗಿಲು ಹಾಕಿಕೊಳ್ಳಲು ಬರುತ್ತಿತ್ತು. ಇರದೇ ಇದ್ದದ್ದು ಆದಾಯ ತೆರಿಗೆ ಇಲಾಖೆಯ ಆ ಒಂದು ಸರ್ಟಿಫಿಕೇಟು. ಅದಿದ್ದರೆ ಹಾಸ್ಟೆಲ್ಲಿಗೆ ದಾನ ಕೊಟ್ಟವರ ತೆರಿಗೆಯಲ್ಲಿ ಅಷ್ಟಿಷ್ಟು ಉಳಿಯುತ್ತದೆ. ಇಲ್ಲದಿದ್ದರೆ ಪುಣ್ಯ ಮಾತ್ರ ಬರುತ್ತದೆ. ಕಲಬುರಗಿಯ ಡಾಕ್ಟರೊಬ್ಬರು ಒಂದು ದಿನ ಬಂದು, ಹುಡುಗಿಯರ ತಲೆ ಸವರಿ, ಚೆಕ್ಕುಬುಕ್ಕು ಹೊರಗೆ ತೆಗೆದು, "ಎಂಬತ್ತು-ಜಿ ಐತಲ್ಲಮ್ಮ?" ಎಂದು ಕೇಳಿದರು. ಇಲ್ಲ ಎಂದ ಮೇಲೆ ಪೆನ್ನಿನ ಟೊಪ್ಪಿಗೆ ಹಾಕಿದರು. ಅದು ಟಕ್ಕೆಂದ ಸದ್ದು ಪರಿಮಳಾಳ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಹಾಸ್ಟೆಲ್ಲು ಇದ್ದದ್ದು ಶಹಾಪುರದ ಕಾಳಿನ ಪೇಟೆಯ, ಅಂದರೆ ಗಂಜಿನ, ಹಿಂದೆ, ಹಳೆಯ ಹತ್ತಿ ಗೋದಾಮಿನಲ್ಲಿ. ದೀಪಾವಳಿ ಮುಗಿದದ್ದೇ ಹುಣಸಗಿ, ಕೆಂಭಾವಿ ಕಡೆಯ ಕೂಲಿ ಮಂದಿ ಗಂಟು ಕಟ್ಟಿಕೊಂಡು ಯಾದಗಿರಿಯಲ್ಲಿ ರೈಲು ಹತ್ತುತ್ತಾರೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸ ಮಾಡಿ ಯುಗಾದಿಗೆ ತಿರುಗಿ ಬರುತ್ತಾರೆ. ಬೆಳೆದ ಹುಡುಗಿಯನ್ನು ಊರಲ್ಲಿ ಒಂಟಿ ಬಿಡಲಾಗದೆ ಜೊತೆಗೇ ಒಯ್ಯುತ್ತಾರೆ. ಹೋದವಳು ಅಲ್ಲಿ ಇಟ್ಟಿಗೆ ಹೊರುತ್ತಾಳೆ, ಇಲ್ಲವೇ ತಮ್ಮನನ್ನು ಹೊರುತ್ತಾಳೆ. ಶಾಲೆಗೆ ತಿರುಗಿ ಬರುವುದಿಲ್ಲ. ಅಂಥ ಹುಡುಗಿಯರನ್ನು ಆ ಐದು ತಿಂಗಳು ಇಟ್ಟುಕೊಳ್ಳುವುದಕ್ಕೆಂದೇ ನಾಲ್ಕು ಮಂದಿ ನಿವೃತ್ತ ಮಾಸ್ತರರು ತಮ್ಮ ಪಿಂಚಣಿ ಹಾಕಿ ಟ್ರಸ್ಟು ಕಟ್ಟಿದ್ದರು. ಈಗ ಅವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ, ಇನ್ನೊಬ್ಬರು ಕೇಳಿದಲ್ಲಿ ಸಹಿ ಮಾಡುತ್ತಿದ್ದರು. ಕೆಲಸವೆಲ್ಲ ಪರಿಮಳಾಳದು. ಮುದನಾಳದ ಹುಡುಗಿ, ಬಿ.ಎಡ್. ಮುಗಿಸಿ ನೌಕರಿ ಸಿಗದೆ ಬಂದವಳು, ಬಂದು ಏಳು ವರ್ಷವಾಗಿತ್ತು.

ಊಟಕ್ಕೆ ಆಗ ತಾಪತ್ರಯವಿರಲಿಲ್ಲ. ಗಂಜಿನಲ್ಲಿ ರೈತರ ಕಾಳು ಮಾರಿಸಿಕೊಡುವ ಹನ್ನೊಂದು ಅಡತ ಅಂಗಡಿಗಳ ಮುಂದಿನ ಕಂಬಗಳಿಗೆ ಒಂದೊಂದು ಗೋಣಿಚೀಲ ತೂಗುಬಿಟ್ಟಿದ್ದರು. ರೈತನ ರಾಶಿ ತೂಕವಾದ ಮೇಲೆ ಹಮಾಲ ಎರಡು ಬೊಗಸೆ ಕಾಳು ಎತ್ತಿ ಆ ಚೀಲಕ್ಕೆ ಸುರಿಯುತ್ತಿದ್ದ. ತೊಗರಿ ಬಂದರೆ ತೊಗರಿ, ಜೋಳ ಬಂದರೆ ಜೋಳ, ಕಾಲುವೆ ಕಡೆಯ ಭತ್ತ ಬಂದರೆ ಭತ್ತ. ಅದಕ್ಕೆ ಧರ್ಮದ ಚೀಲ ಎನ್ನುತ್ತಿದ್ದರು. ಅಜ್ಜನ ಕಾಲದಿಂದ ನಡೆದುಬಂದದ್ದು. ರೈತ ಯಾಕೆ ಎಂದು ಕೇಳುತ್ತಿರಲಿಲ್ಲ, ಸಾಹುಕಾರ ನನ್ನದು ಎಂದು ಹೇಳುತ್ತಿರಲಿಲ್ಲ. ಮಾಸ್ತರರು ಕೈಮುಗಿದು ಕೇಳಿಕೊಂಡ ಮೇಲೆ ಅದು ಹಾಸ್ಟೆಲ್ಲಿಗೆ ಬರುತ್ತಿತ್ತು. ಸೋಮವಾರಕ್ಕೊಮ್ಮೆ ಅಡುಗೆಯ ಹುಸೇನಬೀ ತಳ್ಳುಗಾಡಿ ತೆಗೆದುಕೊಂಡು ಹೋಗಿ, ಬೈಯುತ್ತ, ಸೊಂಟ ಹಿಡಿದುಕೊಳ್ಳುತ್ತ, ಚೀಲಗಳನ್ನು ಬರಿದು ಮಾಡಿಕೊಂಡು ಬರುತ್ತಿದ್ದಳು.

ಕಾಳು ಇತ್ತು, ನಗದು ಇರಲಿಲ್ಲ. ಗೋದಾಮಿನ ಬಾಡಿಗೆಗೆ, ಗ್ಯಾಸಿಗೆ, ಕರೆಂಟಿಗೆ ಕಾಳು ನಡೆಯುವುದಿಲ್ಲ. ಅದಕ್ಕೇ ಪರಿಮಳಾ ಎರಡು ವರ್ಷ ಎಂಬತ್ತು-ಜಿ ಬೆನ್ನುಹತ್ತಿದಳು.

ಸರ್ಟಿಫಿಕೇಟು ಜುಲೈಯಲ್ಲಿ ಬಂತು. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಬೇಕರಿಯ ಮೇಲಿನ ಮಾಳಿಗೆಯಲ್ಲಿ ಅಜೀಮನ ಆಫೀಸು. ಅವನು ತೆರಿಗೆ ಕಾಗದ ತುಂಬಿಕೊಡುವವನು. ಹಾಸ್ಟೆಲ್ಲಿನ ಕೆಲಸಕ್ಕೆ ಫೀ ತೆಗೆದುಕೊಂಡಿರಲಿಲ್ಲ.

"ಮುಬಾರಕ್ ಮೇಡಂ. ಬಂತು," ಎಂದು ಕಾಗದ ಮುಂದೆ ತಳ್ಳಿದ. "ಈಗ ಕೇಳ್ರಿ. ಕಾಳಿಗಿ ರಸೀದಿ ಕೊಟ್ರ ನಡ್ಯಾಂಗಿಲ್ಲ. ಎರಡು ಸಾವಿರದ ಮ್ಯಾಲ ನಗದು ತಗೊಂಡ್ರೂ ಅವರಿಗಿ ರಿಯಾಯ್ತಿ ಇಲ್ಲ. ಚೆಕ್ ಬೇಕು, ಇಲ್ಲಾ ಫೋನಿನಾಗ ಹಾಕಬೇಕು."

"ನೂರು ಕೊಟ್ರ ಐವತ್ತು ತಿರುಗಿ ಬರ್ತದ, ಹೌದಲ್ರಿ ಅಜೀಮ ಭಾಯ್?"

"ಐವತ್ತು ಎಲ್ಲಿಂದ ಬರ್ತದ್ರಿ! ಆ ಐವತ್ತರ ಮ್ಯಾಲ ಕಟ್ಟೋ ತೆರಿಗಿ ಉಳೀತದ. ದೊಡ್ಡ ಕುಳ ಆದ್ರ ನೂರಕ್ಕ ಹದಿನೈದು. ಸಣ್ಣವರಾದ್ರ ಒಂದು ಚಹಾ, ಒಂದು ಬಿಸ್ಕೀಟು." ಅವನು ನಕ್ಕ. "ಇನ್ನೊಂದು. ಇದು ತೆರಿಗಿ ಹಳೇ ಪದ್ಧತಿಯೊಳಗ ಕಟ್ಟೋರಿಗಷ್ಟೇ. ಈಗ ಹೊಸಾ ಪದ್ಧತಿ ಬಂದದ. ಅದರಾಗ ದರ ಕಡಿಮಿ, ಆದ್ರ ದಾನಕ್ಕ ಒಂದು ಪೈಸೆ ಬಿಡಂಗಿಲ್ಲ. ನಿಮ್ಮ ಸಾವ್ಕಾರ್ರು ಯಾವುದ್ರಾಗ ಅದಾರ, ಮೊದಲು ಕೇಳ್ಕೊಳ್ರಿ."

"ಕೇಳ್ತೀನ್ರಿ," ಎಂದಳು ಪರಿಮಳಾ.

ಕೇಳಲಿಲ್ಲ. ಗಂಜಿನಲ್ಲಿ ಸಾಹುಕಾರನ ಹೆಂಡತಿಯ ಕಾಯಿಲೆ ಕೇಳಬಹುದು, ಮಗ ಕುಡಿಯುವುದನ್ನು ಬಿಟ್ಟನೇ ಎಂದು ಕೇಳಬಹುದು, ಅವನ ಆದಾಯದ ಮಾತು ಕೇಳುವಂತಿಲ್ಲ. ಕೇಳಿದವರಿಗೆ ಆ ಅಂಗಡಿಯಲ್ಲಿ ಎರಡನೆಯ ಸಲ ಚಹಾ ಬರುವುದಿಲ್ಲ. ಪರಿಮಳಾಗೆ ಅದು ಗೊತ್ತಿತ್ತು. ಬೇಡಲು ಹೋಗುವವಳು ತೆರಿಗೆಯವರಂತೆ ಪ್ರಶ್ನೆ ಹಾಕುವುದು ಹೇಗೆ?

ಮೊದಲು ಅಯ್ಯಪ್ಪ ಸಾಹುಕಾರನ ಅಂಗಡಿಗೆ ಹೋದಳು. ಗಂಜಿನಲ್ಲಿ ಎಲ್ಲಕ್ಕಿಂತ ದಪ್ಪ ಚೀಲ ಅವನ ಕಂಬದ್ದೇ ಆಗಿತ್ತು.

"ಬರ್ರಿ ಅಕ್ಕೋರ. ಏನು, ಮಾರಿ ಮ್ಯಾಲ ಬೆಳಕು ಕಾಣ್ತದ?"

"ಸರಕಾರ ನಿಮಗ ರೊಕ್ಕ ಬಿಡ್ತದಂತ್ರಿ ಸಾವ್ಕಾರ್ರ."

"ಸರಕಾರ ಬಿಡ್ತದ ಅಂದ ಕೂಡ್ಲೇ ನನ್ನ ಕೈ ಜೇಬಿಗಿ ಹೋಗ್ತದವ್ವ. ಇದ್ದದ್ದು ಐತೋ ಇಲ್ಲೋ ನೋಡಾಕ." ಗಾದಿಯ ಮೇಲೆ ಕೂತಿದ್ದ ಗುಮಾಸ್ತ ನಕ್ಕ. ಅಯ್ಯಪ್ಪ ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ನೋಡಿದ. "ಹಂಗಾರ ಈ ಚೀಲದ್ದಕ್ಕೂ ರಸೀದಿ ಕೊಡ್ತಿಯೇನು? ವರ್ಷಕ್ಕ ಎಷ್ಟು ಕಾಳು ಹೋಗ್ತದ ನೋಡೀಯಲ್ಲ."

"ಕಾಳಿಗಿ ಆಗಂಗಿಲ್ರಿ. ಅದಕ್ಕೇ ಚೀಲ ಇಳಿಸಿಬಿಡ್ರಿ. ರೈತರ ಲೆಕ್ಕದ ಪಟ್ಟಿ ಮ್ಯಾಲ ಚೀಲಕ್ಕ ಇಷ್ಟು ರೊಕ್ಕ ಅಂತ ಧರ್ಮ ಹಿಡೀರಿ. ಜಮಾ ಆದದ್ದು ಚೆಕ್ ಬರದು ಕೊಡ್ರಿ. ರಸೀದಿ ನಿಮ್ಮ ಹೆಸರಿಗಿ ಕೊಡ್ತೀವಿ."

"ನನ್ನ ಹೆಸರಿಗಿ?"

"ನಿಮ್ಮ ಹೆಸರಿಗೇ."

ಅಯ್ಯಪ್ಪ ಕಂಬದ ಚೀಲದ ಕಡೆ ನೋಡಿದ. ಪರಿಮಳಾ ಕೂಡ ನೋಡಿದಳು. ಅದು ರೈತರ ಕಾಳು ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

"ನನ್ನ ಚೆಕ್ ಬಂದ ಮ್ಯಾಲ ಹುಡುಗ್ಯಾರ ಖೋಲಿ ಮ್ಯಾಲ ಒಂದು ಹೆಸರಿನ ಕಲ್ಲು ಹಾಕು ಮತ್ತ. ನಮ್ಮಪ್ಪನ ಹೆಸರಿಂದು."

"ಹಾಕೋಣ್ರಿ."

ಅಯ್ಯಪ್ಪ ಹಮಾಲನನ್ನು ಕರೆದ. ಹಮಾಲ ಕೊಕ್ಕೆಯಿಂದ ಹಗ್ಗ ಕಿತ್ತು ಚೀಲವನ್ನು ಕೆಳಗಿಳಿಸಿದ. ತಳದಲ್ಲಿ ಹಿಡಿಯಷ್ಟು ಹಳೇ ಜೋಳ, ಒಂದು ಸತ್ತ ಹಲ್ಲಿ ಇತ್ತು. ಅದೇ ವಾರ ಉಳಿದ ಹತ್ತು ಚೀಲಗಳೂ ಇಳಿದವು. ಯಾರೂ ಬೇಡ ಎನ್ನಲಿಲ್ಲ. ಹುಸೇನಬೀಯಂತೂ ತಳ್ಳುಗಾಡಿಯನ್ನು ಗೋಡೆಗೆ ಆನಿಸಿ ಅದರ ಮೇಲೆ ಕೌದಿ ಒಣಹಾಕಿದಳು.

"ನನ್ನ ಸೊಂಟಕ್ಕ ಪೆನ್ಸನ್ ಸಿಕ್ತು ನೋಡ್ರಿ ಅಕ್ಕೋರ. ಇನ್ನ ಆ ಚೆಕ್ ಎಷ್ಟು ಸೀಟಿ ಕುದಿಸಬೇಕು, ಅದೊಂದು ಹೇಳಿಕೊಡ್ರಿ."

"ಕುದಿಸೋದು ಬ್ಯಾಡ ಖಾಲಾ, ಬ್ಯಾಂಕಿನಾಗ ಹಾಕಿದ್ರ ತಾನೇ ಬೇಯ್ತದ."

ಇಬ್ಬರೂ ನಕ್ಕರು. ಪರಿಮಳಾ ಮರುದಿನ ಬಸ್ಸು ಹತ್ತಿ ಸುರಪುರಕ್ಕೂ ಹೋದಳು. ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ವಹಾಬನ ಎಣ್ಣೆ ಅಂಗಡಿ. ಅವನು ತಿಂಗಳಿಗೊಂದು ಎಣ್ಣೆ ಡಬ್ಬಿ ಶಹಾಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದ. ಯಾರು ಕಳಿಸಿದರು ಎಂದು ಬರೆಸುತ್ತಿರಲಿಲ್ಲ. ಅವನಿಗೂ ಡಬ್ಬಿ ಬೇಡ, ಚೆಕ್ ಕೊಡಿ, ರಸೀದಿ ಬರುತ್ತದೆ ಎಂದು ತಿಳಿಸಿ ಬಂದಳು.

ದೀಪಾವಳಿ ಬಂತು. ಹುಡುಗಿಯರು ಬಂದರು. ಮೂವತ್ತೆಂಟು ಮಂದಿ. ಕೆಂಭಾವಿ ಹತ್ತಿರದ ಹಳ್ಳಿಯ ಮಾನಮ್ಮ ತನ್ನ ಮಗಳು ಶಿವಾನಿಯನ್ನು ಕರೆತಂದು ಬಾಗಿಲಲ್ಲಿ ನಿಂತಳು. ಶಿವಾನಿ ಮೂರು ವರ್ಷದಿಂದ ಇಲ್ಲಿದ್ದವಳು, ಈ ವರ್ಷ ಹತ್ತನೆಯ ತರಗತಿ. ಬಾಯಿ ಜೋರು, ಲೆಕ್ಕ ಅದಕ್ಕಿಂತ ಜೋರು.

"ಅಕ್ಕೋರ, ಇಕಿ ಅಪ್ಪ ಈ ವರ್ಷ ಬ್ಯಾಡಂತ ಅಂದಾನ," ಎಂದಳು ಮಾನಮ್ಮ. "ಇಕಿನ ಕೈ ಸೇರಿದ್ರ ದಿನದ ಪಗಾರ ಹೆಚ್ಚಾಗ್ತದಂತ. ನಾ ಜಗಳಾಡಿ ತಂದೀನಿ. ಹತ್ತನೇದು ಮುಗೀಲಿ, ಆಮ್ಯಾಲ ನಿನ್ನ ಮಾತು ಕೇಳ್ತೀನಿ ಅಂದೀನಿ. ನನ್ನ ಮರ್ಯಾದಿ ನಿಮ್ಮ ಕೈಯಾಗದ."

"ಯುಗಾದಿ ತನಕ ಶಿವಾನಿ ನನ್ನ ಜವಾಬ್ದಾರಿ ಮಾನಮ್ಮ. ಪರೀಕ್ಷಾ ಬರೆಸಿ ಕಳಸ್ತೀನಿ."

"ಬರೀತಾಳ ಬಿಡ್ರಿ. ಅನ್ನ ಒಂದು ಹೆಚ್ಚು ಉಣ್ತಾಳ, ಬೈಬ್ಯಾಡ್ರಿ."

"ಯವ್ವಾ!" ಎಂದು ಶಿವಾನಿ ಗದರಿದಳು.

ಹಳೆಯ ಕಾಳು ಡಿಸೆಂಬರಿನ ಮೊದಲ ವಾರಕ್ಕೆ ತಳ ಕಂಡಿತು. ಚೆಕ್ಕು ಒಂದೂ ಬಂದಿರಲಿಲ್ಲ. ಗಂಜಿಗೆ ಹೊಸ ತೊಗರಿ ಬರಲು ಶುರುವಾಗಿತ್ತು; ಅಯ್ಯಪ್ಪನ ಅಂಗಡಿಯ ಮುಂದೆ ಆಳೆತ್ತರದ ರಾಶಿಗಳು. ಪರಿಮಳಾ ರಾಶಿಗಳನ್ನು ಬಳಸಿಕೊಂಡು ಒಳಗೆ ಹೋದಳು.

"ಜಮಾ ಐತವ್ವ, ಸುಳ್ಳ್ಯಾಕ ಹೇಳ್ಲಿ," ಎಂದ ಅಯ್ಯಪ್ಪ. "ಪ್ರತಿ ಪಟ್ಟಿಗೂ ಧರ್ಮ ಹಿಡದೀನಿ. ಮಾರ್ಚಿನಾಗ ಆಡಿಟರ್ ಲೆಕ್ಕಾ ಹಾಕ್ತಾನ. ಎಷ್ಟು ಕೊಟ್ರ ಎಷ್ಟು ಉಳೀತದ ಅಂತ ತಿಳೀದ ಹ್ಯಾಂಗ ಚೆಕ್ ಬರೀಲಿ?"

"ಹುಡುಗ್ಯಾರು ಈಗ ಉಣಬೇಕಲ್ರಿ ಸಾವ್ಕಾರ್ರ."

"ಈಗ ಕೊಟ್ರೂ ಅಷ್ಟೇ ರಿಯಾಯ್ತಿ, ಮಾರ್ಚಿನಾಗ ಕೊಟ್ರೂ ಅಷ್ಟೇ. ಅಲ್ಲೀ ತನಕ ರೊಕ್ಕ ಯಾಕ ಸುಮ್ಮ ಕುಂದ್ರಬೇಕು? ದುಡೀಲಿ. ಹೆಚ್ಚೇ ಆಗ್ತದ, ನಿನಗೇ ಛಲೋ."

"ಹಂಗಾರ ಚೀಲ ಮತ್ತ ಕಟ್ರಿ. ಮೂರು ತಿಂಗಳ ಮಟ್ಟಿಗಿ."

"ಪಟ್ಟಿ ಮ್ಯಾಲೂ ಹಿಡದು ಚೀಲಕ್ಕೂ ಸುರಿ ಅಂದ್ರ ರೈತ ನನ್ನ ತೆಲಿ ಒಡೀತಾನ. ನೀನೇ ಇಳಸಂದಿ ಅಕ್ಕೋರ, ನಾ ಇಳಿಸಿದೆ."

ಅವನು ಕೆಟ್ಟ ಮನುಷ್ಯನಾಗಿರಲಿಲ್ಲ. ಚಹಾ ತರಿಸಿದ. ಪರಿಮಳಾ ಚಹಾ ಕುಡಿಯುತ್ತ ಕಂಬದ ಕಡೆ ನೋಡಿದಳು. ಚೀಲ ತೂಗುತ್ತಿದ್ದ ಕೊಕ್ಕೆಗೆ ಫೋನಿನಲ್ಲಿ ರೊಕ್ಕ ಹಾಕುವ ಬೋರ್ಡು ನೇತುಹಾಕಿದ್ದರು. ಆಗಲೇ ಅವಳಿಗೆ ತಿಳಿಯಿತು. ಕಾಳನ್ನು ಸಾಹುಕಾರ ಇಟ್ಟುಕೊಳ್ಳುವಂತಿರಲಿಲ್ಲ. ಇಟ್ಟರೆ ನುಸಿ ಬೀಳುತ್ತಿತ್ತು, ಇಲಿ ಚೀಲ ಕಡಿಯುತ್ತಿತ್ತು, ತುಂಬಿ ತುಳುಕಿದರೆ ಹಮಾಲರು ಒದರುತ್ತಿದ್ದರು. ರೊಕ್ಕಕ್ಕೆ ನುಸಿ ಬೀಳುವುದಿಲ್ಲ. ಕಂಬದ ಮೇಲಿದ್ದದ್ದನ್ನು ಅವನ ಗಲ್ಲಾಪೆಟ್ಟಿಗೆಯೊಳಗೆ ತಳ್ಳಿದವಳು ತಾನೇ.

ಹನ್ನೊಂದು ಅಂಗಡಿಗಳಲ್ಲೂ ಅದೇ ಮಾತು: ಮಾರ್ಚ್. ಸುರಪುರದ ವಹಾಬ ಮುಖ ಸಣ್ಣದು ಮಾಡಿಕೊಂಡ. "ಆಡಿಟರ್ ವರ್ಷದ ಕೊನಿಗಿ ಒಮ್ಮೆಲೇ ಕೊಡು ಅಂದಾನ್ರಿ. ನೀವೇ ಹೇಳಿದ್ರಲ್ರಿ, ರಸೀದಿ ಇಲ್ಲದ ಕೊಡಬ್ಯಾಡ್ರಿ ಅಂತ." ಆಮೇಲೆ ಎರಡು ಪೊಟ್ಟಣ ಎಣ್ಣೆಯನ್ನು ಅವಳ ಚೀಲದೊಳಗೆ ತುರುಕಿದ. "ಇದಕ್ಕ ರಸೀದಿ ಬ್ಯಾಡ. ಯಾರಿಗೂ ಹೇಳಬ್ಯಾಡ್ರಿ."

ಬೇರೆ ದಾರಿ ಹುಡುಕಿದಳು. ಸರಕಾರಿ ಹಾಸ್ಟೆಲ್ಲಿನ ಸೀಟುಗಳು ಜೂನಿನಲ್ಲೇ ಭರ್ತಿಯಾಗಿದ್ದವು. ಹುಡುಗಿಯರ ಪಾಲಿನ ಪಡಿತರ ಅಕ್ಕಿಯನ್ನು ಅವರ ಅಪ್ಪ ಅಮ್ಮ ಬೆಂಗಳೂರಿನಲ್ಲೇ ಹೆಬ್ಬೆಟ್ಟು ಒತ್ತಿ ಎತ್ತುತ್ತಿದ್ದರು, ಅವರೂ ಉಣ್ಣಬೇಕಲ್ಲ. ಕಲಬುರಗಿಯ ಡಾಕ್ಟರಿಗೆ ಫೋನು ಮಾಡಿ ಎಂಬತ್ತು-ಜಿ ಬಂದಿದೆ ಎಂದಳು. "ಕಂಗ್ರಾಟ್ಸ್" ಎಂದರು. ಈ ವರ್ಷದ ದಾನವನ್ನು ಅವರು ಬೇರೆ ಕಡೆ ಕೊಟ್ಟುಬಿಟ್ಟಿದ್ದರು.

ಜನವರಿಯಲ್ಲಿ ರಾತ್ರಿಯ ರೊಟ್ಟಿ ನಿಂತು ಗಂಜಿ ಬಂತು. ಫೆಬ್ರುವರಿಯಲ್ಲಿ ಬೆಳಗಿನ ಉಪ್ಪಿಟ್ಟು ನಿಂತಿತು. ಮಧ್ಯಾಹ್ನ ಶಾಲೆಯ ಬಿಸಿಯೂಟ ಇತ್ತು. ಹುಡುಗಿಯರು ಎರಡೆರಡು ಸಲ ಪಾಳಿ ಹಚ್ಚಿ, ಎರಡನೆಯ ಸಲದ್ದನ್ನು ಟಿಫಿನ್ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಬರುತ್ತಿದ್ದರು. ಭಾನುವಾರ ಶಾಲೆ ಇರುತ್ತಿರಲಿಲ್ಲ. ಭಾನುವಾರಕ್ಕೆ ಹುಡುಗಿಯರು ಹೆದರತೊಡಗಿದರು.

"ಇದರಾಗ ಅನ್ನ ಎಲ್ಲದ, ಖಾಲಾ?" ಎಂದು ಶಿವಾನಿ ಗಂಜಿಯೊಳಗೆ ಚಮಚ ಆಡಿಸಿ ಕೇಳಿದಳು. "ಈಜಾಕ ಹೋಗ್ಯಾವೇನು?"

"ನಾಲಿಗಿ ಕೊಯ್ತೀನಿ ನೋಡು. ಕುಡಿ ಸುಮ್ಮ," ಎಂದಳು ಹುಸೇನಬೀ. ತನ್ನ ಪಾಲಿನದನ್ನು ಅವಳ ತಾಟಿಗೆ ಬಗ್ಗಿಸಿದಳು. ಹುಸೇನಬೀಗೆ ಪಗಾರ ಕೊಟ್ಟು ಮೂರು ತಿಂಗಳಾಗಿತ್ತು. ಅವಳು ಅದರ ಮಾತೆತ್ತಿರಲಿಲ್ಲ. ಆದರೆ ಸಂಜೆ ಬೇರೆಯವರ ಮನೆಗೆ ಭಾಂಡೆ ತಿಕ್ಕಲು ಹೋಗತೊಡಗಿದ್ದಳು.

ಒಂದು ಸೋಮವಾರ ಶಾಲೆಯ ಪ್ರಾರ್ಥನೆಯಲ್ಲಿ ಆರನೆಯ ತರಗತಿಯ ಉಮೆಸಲ್ಮಾ ನಿಂತಲ್ಲೇ ಬಿದ್ದಳು. ಗದ್ದ ಒಡೆದು ಸಮವಸ್ತ್ರದ ತುಂಬ ರಕ್ತ. ಹೆಡ್ ಮಾಸ್ತರರು ಪರಿಮಳಾಳನ್ನು ಕರೆಸಿ, "ಇಟ್ಕೊಳ್ಳಾಕ ಆಗಲಿಲ್ಲಂದ್ರ ಯಾಕ ಇಟ್ಕೋತೀರಿ? ನಾಳೆ ಏನರ ಆದ್ರ ಪೇಪರಿನಾಗ ನನ್ನ ಹೆಸರು ಬರ್ತದ," ಎಂದರು. ಪರಿಮಳಾ ಹಾಸ್ಟೆಲ್ಲಿಗೆ ಬಂದು ಫೋನು ಹಿಡಿದು ಕೂತಳು. ಸಣ್ಣ ತರಗತಿಯವರಿಂದ ಶುರು ಮಾಡಿದಳು. "ಬಂದು ಕರ್ಕೊಂಡು ಹೋಗ್ರಿ. ನನ್ನ ಕೈಲಿ ಆಗವಲ್ದು." ಕೆಲವರು ಬೈದರು. ಕೆಲವರು ಬೈಯದೆ ಯಾವ ರೈಲಿಗೆ ಎಂದಷ್ಟೇ ಕೇಳಿದರು. ಅದು ಬೈಗಳಿಗಿಂತ ಕಷ್ಟವಾಗಿತ್ತು.

ಹತ್ತು ದಿನಗಳಲ್ಲಿ ಮೂವತ್ತೆರಡು ಹುಡುಗಿಯರು ಹೋದರು. ಹತ್ತನೆಯ ತರಗತಿಯ ಆರು ಮಂದಿ ಉಳಿದರು. ಅವರನ್ನು ಏನಾದರೂ ಮಾಡಿ ಪರೀಕ್ಷೆ ತನಕ ಇಟ್ಟುಕೊಳ್ಳಬೇಕೆಂದು ಅವಳ ಹಟ. ಆದರೆ ಫೆಬ್ರುವರಿ ಕೊನೆಗೆ ಗೋದಾಮಿನ ಮಾಲಕ ಬಂದ. ಬಾಡಿಗೆ ನಿಂತಿತ್ತು, ಮೆಣಸಿನಕಾಯಿ ಇಡಲು ಹುಣಸಗಿಯ ವ್ಯಾಪಾರಿಯೊಬ್ಬ ಹೆಚ್ಚಿಗೆ ಕೊಡುತ್ತೇನೆ ಎಂದಿದ್ದ. ಮಾರ್ಚ್ ಹದಿನೈದರವರೆಗೆ ಅರ್ಧ ಗೋದಾಮು ಬಿಟ್ಟುಕೊಡಿ, ರೊಕ್ಕ ಬಂದರೆ ಪೂರ್ತಿ ನಿಮ್ಮದೇ ಎಂದ. ಮರುದಿನವೇ ಮೆಣಸಿನಕಾಯಿ ಚೀಲಗಳು ಬಂದವು. ಘಾಟಿಗೆ ಹುಡುಗಿಯರು ರಾತ್ರಿಯಿಡೀ ಕೆಮ್ಮಿದರು. ಗ್ಯಾಸ್ ಕೂಡ ಅವತ್ತೇ ಮುಗಿಯಿತು.

ಹದಿನೈದು ದಿನದ ಮಾತು ಎಂದುಕೊಂಡಳು ಪರಿಮಳಾ. ಹದಿನೈದು ದಿನ ತಾಯಿಯ ಹತ್ತಿರ ಇದ್ದು ಉಂಡು ಬರಲಿ. ಆಡಿಟರುಗಳು ಮುಂಗಡ ತೆರಿಗೆಯ ಲೆಕ್ಕ ಮುಗಿಸುವುದು ಮಾರ್ಚ್ ಹದಿನೈದಕ್ಕೆ. ಚೆಕ್ಕು ಆಗ ಬರುತ್ತದೆ. ಪರೀಕ್ಷೆ ಅದರ ಮುಂದಿನ ವಾರ. ಆರು ಮಂದಿಯನ್ನೂ ಯಾದಗಿರಿಗೆ ಕರೆದುಕೊಂಡು ಹೋಗಿ ಬೆಂಗಳೂರಿನ ರೈಲು ಹತ್ತಿಸಿದಳು.

ಶಿವಾನಿ ಗಣಿತದ ಪುಸ್ತಕವನ್ನು ಬಗಲಲ್ಲಿ ಹಿಡಿದಿದ್ದಳು. "ಹಾಲ್ ಟಿಕೆಟ್ ಯಾರ ಹತ್ರ ಇರ್ತದ್ರಿ ಅಕ್ಕೋರ?"

"ನನ್ನ ಹತ್ರ. ಬಂದು ತಗೋ."

"ನಾನೇ ಬಂದುಬಿಡ್ಲೋ, ನೀವು ಕರದ ಮ್ಯಾಲ ಬರಲೋ?"

"ಕರೀತೀನಿ. ಕರದ ಮ್ಯಾಲ ಬಾ. ಸುಮ್ಮ ಬಂದು ಇಲ್ಲಿ ಉಪಾಸ ಬೀಳಬ್ಯಾಡ."

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಪರಿಮಳಾ ಗಂಜಿಗೆ ಹೋದಳು. ಅಯ್ಯಪ್ಪ ಇವತ್ತು ಚೇಷ್ಟೆಯ ಮಾತಾಡಲಿಲ್ಲ.

"ಕುಂದ್ರು ತಂಗಿ. ಆಡಿಟರ್ ನಿನ್ನೆ ಬಂದಿದ್ದ. ಹೋದ ವರ್ಷದಿಂದಲೇ ನನ್ನ ಹೊಸಾ ಪದ್ಧತಿಗಿ ಹಾಕ್ಯಾನಂತ. ಅದರಾಗ ದಾನಕ್ಕ ಏನೂ ಇಲ್ಲಂತಲ್ಲ? ನಿನ್ನ ರಸೀದಿ ತಗೊಂಡು ನಾ ಏನು ಮಾಡ್ಲಿ?"

ಪರಿಮಳಾ ಗಾದಿಯ ಅಂಚು ಹಿಡಿದು ಕೂತಳು. "ರಿಯಾಯ್ತಿ ಹೋಗ್ಲಿ ಬಿಡ್ರಿ. ಜಮಾ ಐತಲ್ರಿ, ಧರ್ಮದ್ದು. ಅದನ್ನ ಕೊಡ್ರಿ. ಪರೀಕ್ಷಾಕ್ಕ ಒಂದು ವಾರ ಐತಿ. ಆರು ಹುಡುಗ್ಯಾರನ್ನ ವಾಪಸ್ ತರಬೇಕು."

"ಅದು ನಮ್ಮ ಓಣಿ ಕಲ್ಯಾಣ ಮಂಟಪಕ್ಕ ಅಂತ ಒಪ್ಪಿಬಿಟ್ಟೀನಿ. ರಿಯಾಯ್ತಿ ಇಲ್ಲಂದ ಮ್ಯಾಲ ಎಲ್ಲಿ ಕೊಟ್ರೂ ಅಷ್ಟೇ. ಅಲ್ಲಿ ನಮ್ಮಪ್ಪನ ಹೆಸರಿನ ಕಲ್ಲು ಹಾಕ್ತಾರ."

"ಅದು ರೈತರದು ಸಾವ್ಕಾರ್ರ!" ಹಮಾಲರು ತಿರುಗಿ ನೋಡಿದರು. "ಆ ಹುಡುಗ್ಯಾರ ಅಪ್ಪ ಅಮ್ಮ ರಾಶಿ ಮಾಡಿದ್ದು. ಪಟ್ಟಿ ಮ್ಯಾಲ ಹಿಡದದ್ದು. ನಿಮ್ಮದಲ್ಲ ಅದು."

ಅಯ್ಯಪ್ಪ ಸಿಟ್ಟಾಗಲಿಲ್ಲ. ನಿಧಾನವಾಗಿ ಕೇಳಿದ: "ರೈತರದು ಅಂತ ಅವತ್ತು ಅಂದಿಯೇನು? ರಸೀದಿ ನಿಮ್ಮ ಹೆಸರಿಗಿ ಅಂದಿ. ನಾ ಎರಡು ಸಲ ಕೇಳಿದೆ. ರಸೀದಿ ನನ್ನ ಹೆಸರಿಗಿ ಅಂದ್ರ ರೊಕ್ಕ ನಂದು ಅಂತ ಆತಲ್ಲ. ಹಂಗಂತ ನೀನೇ ಮಾಡಿಕೊಟ್ಟಿ. ಈಗ ಅಲ್ಲಂದ್ರ?"

ಪರಿಮಳಾ ಇದ್ದಕ್ಕಿದ್ದಂತೆ ಬಗ್ಗಿ ಅವನ ಕಾಲು ಹಿಡಿದಳು. ಗುಮಾಸ್ತ ಎದ್ದು ನಿಂತ. ಅಯ್ಯಪ್ಪ ಕಾಲು ಎಳೆದುಕೊಂಡು, "ಏ ಏ, ಬ್ಯಾಡ, ಏನಿದು, ಮಂದಿ ನೋಡಾಕತ್ತಾರ," ಎಂದು ಜೇಬಿನಿಂದ ಐನೂರರ ನಾಲ್ಕು ನೋಟು ತೆಗೆದು ಅವಳ ಮುಂದೆ ಇಟ್ಟ. ಪರಿಮಳಾ ತೆಗೆದುಕೊಂಡಳು. ಬೇಡ ಎನ್ನುವ ಸ್ಥಿತಿ ಅವಳದಾಗಿರಲಿಲ್ಲ.

ಉಳಿದ ಹತ್ತು ಅಂಗಡಿಗಳಿಗೂ ಅವತ್ತೇ ಹೋದಳು. ಎಂಟು ಮಂದಿ ಹೊಸ ಪದ್ಧತಿಯವರು. ಒಬ್ಬ, ಆಡಿಟರನ್ನು ಕೇಳಿ ಹೇಳುತ್ತೇನೆ ಎಂದ. ಒಬ್ಬ ಐದು ಸಾವಿರದ ಚೆಕ್ಕು ಬರೆದುಕೊಟ್ಟ. ಮರುದಿನ ಬ್ಯಾಂಕಿಗೆ ರಜೆ, ಅದರ ಮರುದಿನ ಭಾನುವಾರ. ಅಜೀಮನಿಗೆ ಫೋನು ಮಾಡಿದಳು.

"ನಾ ಹೇಳಿದ್ನಲ್ರಿ ಮೇಡಂ, ಮೊದಲು ಕೇಳ್ಕೊಳ್ರಿ ಅಂತ."

"ಹೇಳಿದ್ರಿ," ಎಂದು ಫೋನು ಇಟ್ಟಳು.

ಚೆಕ್ಕಿಗೆ ಕಾಯದೆ, ಎರಡು ಸಾವಿರ ಕೈಯಲ್ಲಿ ಹಿಡಿದು ಆರು ಹುಡುಗಿಯರನ್ನೂ ಕರೆದಳು. ಗೋದಾಮು ಹೋದರೆ ಹೋಗಲಿ, ಮುದನಾಳದ ತನ್ನ ಮನೆಯಲ್ಲಿ ಇಟ್ಟುಕೊಂಡು ದಿನಾ ಶಹಾಪುರದ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯುತ್ತೇನೆ ಎಂದಳು. ಈ ಮಾತು ಫೆಬ್ರುವರಿಯಲ್ಲಿ ಯಾಕೆ ಹೊಳೆಯಲಿಲ್ಲ ಎಂದು ಅವಳ ಅಣ್ಣ ಕೇಳಿದ. ಚೆಕ್ಕು ಬರುವುದಿತ್ತಲ್ಲ, ಅದಕ್ಕೇ ಹೊಳೆದಿರಲಿಲ್ಲ. ನಾಲ್ಕು ಹುಡುಗಿಯರು ಬಂದರು. ಐದನೆಯವಳ ಅಪ್ಪ ಫೋನು ಎತ್ತಿ, ಕೇಳಿಸಿಕೊಂಡು, ಇಟ್ಟುಬಿಟ್ಟ. ಮಾನಮ್ಮನ ಫೋನು ಹತ್ತಲೇ ಇಲ್ಲ. ಪರಿಮಳಾ ಬೆಳಿಗ್ಗೆ, ಬಸ್ಸಿನಲ್ಲಿ, ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತು ಅದೇ ನಂಬರು ಹಚ್ಚಿದಳು. ಶಿವಾನಿಯ ಹಾಲ್ ಟಿಕೆಟ್ಟನ್ನು ಚೀಲದಲ್ಲಿಟ್ಟುಕೊಂಡೇ ಓಡಾಡಿದಳು. ಮೊದಲ ಪೇಪರು ಮುಗಿಯಿತು, ಎರಡನೆಯದು ಮುಗಿಯಿತು.

ಗಣಿತದ ಪೇಪರಿನ ದಿನ ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮಾನಮ್ಮ.

"ಅಕ್ಕೋರ, ನನ್ನ ಫೋನು ನೀರಾಗ ಬಿದ್ದು ಹಾಳಾತ್ರಿ. ಮೇಸ್ತ್ರಿ ಫೋನಿಂದ ಮಾಡಾಕತ್ತೀನಿ." ಹಿಂದೆ ಕಾಂಕ್ರೀಟ್ ಮಶಿನ್ನಿನ ಸದ್ದು. "ನೀವು ಕರೀಲಿಲ್ಲ. ಹದಿನೈದು ದಿನ ಆತು, ಎಲ್ಲದ ನಿಮ್ಮ ಅಕ್ಕೋರ ಮಾತು ಅಂತ ಇಕಿ ಅಪ್ಪ ಅಂದ. ನಾ ಏನಂತ ಹೇಳ್ಲಿ? ಇಕಿ ಹೆಸರಿಗಿ ಮೇಸ್ತ್ರಿ ಕಡಿಂದ ಮುಂಗಡ ತಗೊಂಡಾನ. ತೀರೂತನಕ ಬಿಡಂಗಿಲ್ಲ ಅವರು."

"ಇನ್ನ ಮೂರು ಪೇಪರ್ ಅದಾವ ಮಾನಮ್ಮ. ಉಳಿದದ್ದು ಆಮ್ಯಾಲ ಬರೀಬಹುದು. ಒಂದು ವಾರ ಕಳಿಸ್ರಿ, ನಾನೇ ಬಂದು ಒಯ್ತೀನಿ."

ಫೋನು ಬೇರೆ ಕೈಗೆ ಹೋಯಿತು.

"ಅಕ್ಕೋರ, ನಾನ್ರಿ."

"ಶಿವಾನಿ! ಬಾ ನೀನು. ಇವತ್ತೇ ಹೊರಡು."

"ನೀವು ಕರದ ಮ್ಯಾಲ ಬಾ ಅಂದಿದ್ರಿ. ನಾ ದಿನಾ ಚೀಲಾ ಕಟ್ಟಿ ಇಟ್ಕೊಂಡು ಕುಂತಿದ್ದೆ." ದನಿಯಲ್ಲಿ ದೂರು ಇರಲಿಲ್ಲ, ಬರೀ ನಡೆದದ್ದನ್ನು ಹೇಳಿದಂತಿತ್ತು. "ಈಗ ಆಗಂಗಿಲ್ರಿ. ಗಣಿತ ಸರಳ ಇತ್ತೇನ್ರಿ?"

ಪರಿಮಳಾ ಗೇಟಿನ ಕಡೆ ನೋಡಿದಳು. ಹೊರಗೆ ಬರುತ್ತಿದ್ದ ಹುಡುಗಿಯರು ನಗುತ್ತಿದ್ದರು.

"ಕಠಿಣ ಇತ್ತು," ಎಂದಳು.

"ಸುಳ್ಳು," ಎಂದಳು ಶಿವಾನಿ. ಆ ಕಡೆ ಯಾರೋ ಕೂಗಿದರು. ಫೋನು ನಿಂತಿತು.

ಜೂನಿನಲ್ಲಿ ಗೋದಾಮಿನ ತುಂಬ ಮೆಣಸಿನಕಾಯಿ ಇತ್ತು. ಹುಸೇನಬೀ ತಳ್ಳುಗಾಡಿಯನ್ನು ತರಕಾರಿ ಮಾರುವವನಿಗೆ ಮಾರಿ, ಬಂದದ್ದನ್ನು ತನ್ನ ಪಗಾರಕ್ಕೆ ಹಿಡಿದುಕೊಂಡಳು. ಪರಿಮಳಾ ಶಾಲೆಯಿಂದ ಶಾಲೆಗೆ ಹೋಗಿ ಹಾಜರಿ ಕೇಳಿದಳು. ಎಂಬತ್ತು-ಜಿ ಇನ್ನೂ ಎರಡು ವರ್ಷ ಚಾಲ್ತಿಯಲ್ಲಿತ್ತು.

ಗಂಜಿನ ಹನ್ನೊಂದು ಚೀಲಗಳಲ್ಲಿ ಒಂದೂ ಮತ್ತೆ ಕಂಬ ಏರಲಿಲ್ಲ. ಸಣ್ಣ ತರಗತಿಗಳ ಮೂವತ್ತೆರಡು ಹುಡುಗಿಯರಲ್ಲಿ ಹದಿಮೂರು ಮಂದಿ ಶಾಲೆಗೆ ಬಂದರು, ಹತ್ತೊಂಬತ್ತು ಮಂದಿ ಬರಲಿಲ್ಲ. ಹತ್ತನೆಯ ತರಗತಿಯ ಆರರಲ್ಲಿ ನಾಲ್ವರು ಪರೀಕ್ಷೆ ಬರೆದರು, ಇಬ್ಬರು ಬರೆಯಲಿಲ್ಲ. ಹೋದವರು ಒಟ್ಟು ಇಪ್ಪತ್ತೊಂದು.